ಖಿನ್ನತೆಯ ಮಾತ್ರೆ ಶುರು ಮಾಡಿದ ದಿನಗಳು, ಬಿಟ್ಟ ದಿನಗಳು: ಅನುಭವಸ್ಥರು ದಯವಿಟ್ಟು ಬರೆಯಿರಿ

ತೋಟದಮನೆ, ತೀರ್ಥಹಳ್ಳಿ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ನಾಲ್ಕು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಎರಡು ಮಳೆಗಾಲಗಳ ಹಿಂದೆ ನನಗೆ ಖಿನ್ನತೆ ಬಂದಿತ್ತು. ಅದು ಖಿನ್ನತೆ ಎಂದು ಆಗ ನನಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆ ಬರುತ್ತಿರಲಿಲ್ಲ. ಎದೆ ಹಿಡಿದಂತೆ, ಹೊಟ್ಟೆ ಉಬ್ಬರಿಸಿದಂತೆ ಆಗುತ್ತಿತ್ತು. ಆರು ತಿಂಗಳಲ್ಲಿ 9 ಕಿಲೋ ಇಳಿದೆ. ಇಸಿಜಿ ಮಾಡಿಸಿದೆವು, ಎಂಡೋಸ್ಕೋಪಿ ಮಾಡಿಸಿದೆವು, ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿದ್ದಾಯಿತು, ಜಾತಕ ತೋರಿಸಿ ಶಾಂತಿಯನ್ನೂ ಮಾಡಿಸಿದ್ದಾಯಿತು. ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದಿದ್ದರಿಂದ ಅದರ ಚಿಂತೆಯೇ ಇದಕ್ಕೆಲ್ಲ ಕಾರಣವೆಂದು ನೆಂಟರಿಷ್ಟರು ತೀರ್ಮಾನಿಸಿದರು. ಆದರೆ ರೋಗ ಬಿದ್ದದ್ದು ನನ್ನೊಬ್ಬನ ತೋಟಕ್ಕಲ್ಲ. ಉಳಿದವರು ಚಿಂತೆ ಮಾಡುತ್ತಲೇ ತೋಟಕ್ಕೆ ಇಳಿಯುತ್ತಿದ್ದರು, ನಾನು ಮಾತ್ರ ಮೈಲುತುತ್ತವನ್ನೂ ಸುಣ್ಣವನ್ನೂ ತಂದು ಜಗಲಿಯಲ್ಲಿ ಇಟ್ಟುಕೊಂಡು, ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವವರಿಗೆ ಒಂದು ಫೋನ್ ಮಾಡಲಾರದೆ ಇಪ್ಪತ್ತು ದಿನ ಕಳೆದೆ.

ಕಡೆಗೆ ನನ್ನ ಭಾವನವರು ಶಿವಮೊಗ್ಗದ ಮನೋವೈದ್ಯರೊಬ್ಬರ ಬಳಿಗೆ ಕರೆದುಕೊಂಡು ಹೋದರು. ಎಸಿಟಾಲೋಪ್ರಾಮ್ ಎಂಬ ಮಾತ್ರೆಯನ್ನು 5 ಮಿಲಿಗ್ರಾಂನಿಂದ ಶುರು ಮಾಡಿ, ಒಂದು ವಾರದ ನಂತರ 10ಕ್ಕೆ ಏರಿಸಿದರು. ಮೊದಲ ಹತ್ತು ದಿನ ರೋಗಕ್ಕಿಂತ ಔಷಧಿಯೇ ಕಷ್ಟವಾಯಿತು. ಹೊಟ್ಟೆ ತೊಳಸುವುದು, ಬಾಯಿ ಒಣಗುವುದು, ಕೂತಲ್ಲಿ ಕೂರಲಾರದ ತಳಮಳ. ಬಿಟ್ಟುಬಿಡುತ್ತೇನೆ ಎಂದಾಗ ನನ್ನ ಹೆಂಡತಿ, "ಇನ್ನೊಂದು ವಾರ ನೋಡಿ, ಆಮೇಲೆ ನಿಮ್ಮಿಷ್ಟ" ಎಂದು ಹೇಳಿದಳು. ನಾಲ್ಕನೆಯ ವಾರದ ಒಂದು ಬೆಳಿಗ್ಗೆ, ಯಾರೂ ಹೇಳದೆ, ಔಷಧಿ ಹೊಡೆಯುವವರಿಗೆ ನಾನೇ ಫೋನ್ ಮಾಡಿದೆ. ನನಗೆ ಅದು ದೊಡ್ಡ ಸಂಗತಿ ಎನ್ನಿಸಲಿಲ್ಲ. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಮಾತ್ರ ಹೊರಗೆ ಬಂದು ನನ್ನ ಮುಖವನ್ನೇ ನೋಡುತ್ತ ನಿಂತುಕೊಂಡಳು.

ಎಂಟು ತಿಂಗಳು ತೆಗೆದುಕೊಂಡೆ. ಪೂರ್ತಿ ಸರಿಯಾಗಿದ್ದೇನೆ ಎನ್ನಿಸಿದ್ದರಿಂದ, ಜೊತೆಗೆ "ಆ ಮಾತ್ರೆ ಅಭ್ಯಾಸವಾಗಿಬಿಡುತ್ತದೆ" ಎಂದು ಅಣ್ಣತಮ್ಮಂದಿರು ಹೇಳುತ್ತಲೇ ಇದ್ದುದರಿಂದ, ಅಡಿಕೆ ಸುಲಿತದ ಕೆಲಸದ ನಡುವೆ ಒಂದು ದಿನ ನಿಲ್ಲಿಸಿಬಿಟ್ಟೆ. ಮೂರನೆಯ ದಿನ ತಲೆ ತಿರುಗತೊಡಗಿತು. ಕತ್ತು ಹೊರಳಿಸಿದರೆ ತಲೆಯೊಳಗೆ ಸಣ್ಣದಾಗಿ ಕರೆಂಟು ಹೊಡೆದಂತೆ ಆಗುತ್ತಿತ್ತು. ರಾತ್ರಿಯಿಡೀ ವಿಚಿತ್ರ ಕನಸುಗಳು. ಹಗಲಿನಲ್ಲಿ ಕಾರಣವಿಲ್ಲದೆ ಅಳು. ರೋಗ ಮರುಕಳಿಸಿತು ಎಂದು ಹೆದರಿ ಮತ್ತೆ ಮಾತ್ರೆ ನುಂಗಿದರೆ ಎರಡೇ ದಿನದಲ್ಲಿ ಎಲ್ಲವೂ ನಿಂತಿತು. ಈಗ ನಾನು ಕೇಳುವುದು ಇಷ್ಟೇ. ನಿಮಗೆ ಈ ಮಾತ್ರೆಗಳಿಂದ ಏನು ಒಳ್ಳೆಯದಾಯಿತು, ಏನು ಕೆಟ್ಟದ್ದಾಯಿತು, ಬಿಟ್ಟವರು ಹೇಗೆ ಬಿಟ್ಟಿರಿ? ಶುರು ಮಾಡುವಾಗ ಹೀಗೆಲ್ಲ ಆಗುತ್ತದೆ ಎಂದಾಗಲಿ, ಬಿಡುವಾಗ ಹೀಗೆ ಬಿಡಬೇಕು ಎಂದಾಗಲಿ ನನಗೆ ಯಾರೂ ತಿಳಿಸಿ ಹೇಳಿರಲಿಲ್ಲ.

ನಿವೃತ್ತ ಶಿಕ್ಷಕಿ, ಸಾಗರ:

ನೀವು ಬರೆದುದನ್ನು ಎರಡು ಸಲ ಓದಿದೆ. ಫೋನ್ ಮಾಡಲಾರದ ಇಪ್ಪತ್ತು ದಿನಗಳು ಎಂದರೆ ಏನೆಂದು ನನಗೆ ಗೊತ್ತು. ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ತಲೆ ಬಾಚಿಕೊಳ್ಳದೆ ಕಳೆದ ದಿನಗಳು ಇನ್ನೂ ಹೆಚ್ಚು.

ನನಗೀಗ 68 ವರ್ಷ. ಮೊದಲು ನನಗೆ ಕೊಟ್ಟದ್ದು ಸರ್ಟ್ರಾಲಿನ್, ಅದೂ ನಿಮ್ಮ ಮಾತ್ರೆಯ ಗುಂಪಿನದೇ. ಮನಸ್ಸಿಗೆ ಅದು ಹಿತವಾಗುವ ಮೊದಲೇ ಬೇರೊಂದು ತೊಂದರೆ ಎದುರಾಯಿತು, ಅದನ್ನು ವಯಸ್ಸಾದವರು, ವಯಸ್ಸಾದವರನ್ನು ಮನೆಯಲ್ಲಿ ಇಟ್ಟುಕೊಂಡವರು ಗಮನವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಹಲವು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದೆ. ಹೊಸ ಮಾತ್ರೆ ಶುರುವಾಗಿ ಹದಿನೈದು ದಿನಕ್ಕೆ ನನಗೆ ಮಾತು ತಡವರಿಸತೊಡಗಿತು. ಮಗಳ ಹೆಸರಿನ ಬದಲು ತಂಗಿಯ ಹೆಸರು ಬಾಯಿಗೆ ಬರುತ್ತಿತ್ತು. ಬಚ್ಚಲುಮನೆಯ ಹೊಸ್ತಿಲಲ್ಲಿ ಆಯ ತಪ್ಪಿ ಬಿದ್ದೆ. ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಯಿತು ಎಂದು ಮಗ ಬೆಂಗಳೂರಿನಿಂದ ಹೊರಟು ಬಂದ. ರಕ್ತ ಪರೀಕ್ಷೆ ಮಾಡಿಸಿದಾಗ 135ಕ್ಕಿಂತ ಮೇಲೆ ಇರಬೇಕಾದ ಸೋಡಿಯಂ 121ಕ್ಕೆ ಇಳಿದಿತ್ತು. ಈ ಗುಂಪಿನ ಮಾತ್ರೆಗಳು ವಯಸ್ಸಾದವರಲ್ಲಿ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲಿ, ದೇಹದ ಸೋಡಿಯಂ ಅಂಶವನ್ನು ಇಳಿಸಬಲ್ಲವು ಎಂದು ಆಸ್ಪತ್ರೆಯ ವೈದ್ಯರು ವಿವರಿಸಿದರು. ಐದು ದಿನ ಆಸ್ಪತ್ರೆಯಲ್ಲಿದ್ದೆ.

ಹಾಗೆಂದು ನಾನು ಚಿಕಿತ್ಸೆಯನ್ನು ಬಿಡಲಿಲ್ಲ. ವೈದ್ಯರು ರಕ್ತದೊತ್ತಡದ ಮಾತ್ರೆಯನ್ನು ಬದಲಿಸಿದರು, ಸರ್ಟ್ರಾಲಿನ್ ನಿಲ್ಲಿಸಿ ರಾತ್ರಿ ತೆಗೆದುಕೊಳ್ಳುವ ಮಿರ್ಟಜಪೈನ್ ಎಂಬ ಖಿನ್ನತೆಯ ಇನ್ನೊಂದು ಮಾತ್ರೆ ಕೊಟ್ಟರು. ಅದರಿಂದ ಮೊದಲ ರಾತ್ರಿಯೇ ನಿದ್ರೆ ಬಂದಿತು, ತಿಂಗಳೊಳಗೆ ಹಸಿವು ಬಂದಿತು, ಹಸಿವಿನ ಜೊತೆಗೆ 6 ಕಿಲೋ ತೂಕವೂ ಬಂದಿತು. ಮೊಣಕಾಲು ನೋವಿರುವ ನನ್ನಂಥವಳಿಗೆ ತೂಕ ಏರುವುದು ಸಣ್ಣ ವಿಷಯವಲ್ಲ. ಆದರೂ ಮೊಮ್ಮಗಳಿಗೆ ಮಗ್ಗಿ ಹೇಳಿಕೊಡುವಷ್ಟು ತಾಳ್ಮೆ ನನಗೆ ಹಿಂದಿರುಗಿ ಬಂದಿದೆ. ತೂಗಿ ನೋಡಿದರೆ ನನ್ನ ಮಟ್ಟಿಗೆ ಲಾಭವೇ ಹೆಚ್ಚು. ಯಾರೇ ಆಗಲಿ, ಈಗಾಗಲೇ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ, ನೋವಿನ ಮಾತ್ರೆ ಮತ್ತು ಕಷಾಯದ ಪುಡಿಯನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮನೋವೈದ್ಯರ ಮೇಜಿನ ಮೇಲೆ ಇಡಿ.

ಕಾನುದಾರಿ, ಸೊರಬ:

ನನ್ನ ಅನುಭವ ಬೇರೆ ರೀತಿಯದು. ಯಾರನ್ನೂ ಹೆದರಿಸುವ ಉದ್ದೇಶ ನನಗಿಲ್ಲ, ಆದರೆ ಇದನ್ನೂ ಹೇಳಬೇಕು.

ನಾನು ಎಸಿಟಾಲೋಪ್ರಾಮನ್ನು ಎರಡು ವರ್ಷ ತೆಗೆದುಕೊಂಡೆ. ದುಃಖ ಕಡಿಮೆಯಾಯಿತು, ನಿಜ. ಆದರೆ ಅದರ ಜೊತೆಗೆ ಉಳಿದ ಭಾವನೆಗಳೂ ಕಡಿಮೆಯಾದವು. ನನ್ನ ತಾಯಿ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ಹನ್ನೊಂದನೆಯ ದಿನ ಎಲ್ಲರೂ ಅಳುತ್ತಿದ್ದಾಗ ನಾನು ಅಡುಗೆಯವರಿಗೆ ಎಷ್ಟು ಕೊಡಬೇಕೆಂದು ಲೆಕ್ಕ ಹಾಕುತ್ತಿದ್ದೆ. ಮಗ ಓಟದಲ್ಲಿ ಬಹುಮಾನ ತಂದಾಗಲೂ "ಒಳ್ಳೆಯದು" ಎಂದೆ, ಅಷ್ಟೆ. ಸಂಗೀತ ಕೇಳುವುದನ್ನು ಬಿಟ್ಟಿದ್ದೇನೆ ಎಂಬುದೂ ನನಗೆ ವರ್ಷ ಕಳೆದ ಮೇಲೆ ಗಮನಕ್ಕೆ ಬಂದಿತು. ಇದನ್ನು ವೈದ್ಯರಿಗೆ ಹೇಳಿದಾಗ, "ಖಿನ್ನತೆ ಇನ್ನೂ ಪೂರ್ತಿ ಹೋಗಿಲ್ಲ" ಎಂದು ಪ್ರಮಾಣವನ್ನು 20 ಮಿಲಿಗ್ರಾಂಗೆ ಏರಿಸಿದರು. ಆಗ ಇನ್ನಷ್ಟು ಮರಗಟ್ಟಿದಂತಾಯಿತು.

ಮಿದುಳಿನಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗಿದೆ, ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಇದ್ದ ಹಾಗೆ ನಿಮಗೆ ಈ ಮಾತ್ರೆ ಎಂದು ನನಗೆ ಹೇಳಿದ್ದರು. 2022ರಲ್ಲಿ ಲಂಡನ್ನಿನ ಮನೋವೈದ್ಯೆ ಜೊವಾನ್ನಾ ಮಾನ್‌ಕ್ರೀಫ್ ಮತ್ತು ಸಂಗಡಿಗರು ಹಿಂದಿನ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ, ಸಿರೊಟೋನಿನ್ ಕಡಿಮೆಯಾಗುವುದರಿಂದಲೇ ಖಿನ್ನತೆ ಬರುತ್ತದೆ ಎನ್ನುವುದಕ್ಕೆ ಸ್ಥಿರವಾದ ಆಧಾರವಿಲ್ಲವೆಂದು ಪ್ರಕಟಿಸಿದರು. ಅದನ್ನು ಓದಿದ ಮೇಲೆ ನನಗೆ ನಂಬಿಕೆ ಹೋಯಿತು. ಬೇರೆ ವೈದ್ಯರೊಬ್ಬರ ಸಹಾಯದಿಂದ ಐದು ತಿಂಗಳಲ್ಲಿ ನಿಧಾನವಾಗಿ ಬಿಟ್ಟೆ, ವಾರಕ್ಕೊಮ್ಮೆ ಆಪ್ತಸಮಾಲೋಚಕರ ಬಳಿ ಕೂತು ಮಾತನಾಡಿದೆ, ದಿನವೂ ಕಾನಿನ ದಾರಿಯಲ್ಲಿ ಒಂದು ಗಂಟೆ ನಡೆದೆ. ತಾಯಿಯನ್ನು ನೆನೆದು ನಾನು ಅತ್ತದ್ದು ಅವರು ಹೋಗಿ ಹದಿನಾಲ್ಕು ತಿಂಗಳಾದ ಮೇಲೆ, ಅವರ ಹಳೆಯ ಸಂಚಿಯಲ್ಲಿ ಒಣಗಿದ ಅಡಿಕೆಯ ಹೋಳು ಸಿಕ್ಕಿದ ದಿನ.

ಹಳೆಯ ಶುಶ್ರೂಷಕಿ, ಶಿವಮೊಗ್ಗ:

ನಾನು ಮನೋರೋಗ ವಿಭಾಗದಲ್ಲಿ 22 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ವೈದ್ಯಳಲ್ಲ, ಆದ್ದರಿಂದ ನನ್ನ ಮಾತನ್ನು ಔಷಧಿ ಚೀಟಿಯೆಂದು ತಿಳಿಯಬೇಡಿ.

ಸೊರಬದವರೇ, ನೀವು ಅನುಭವಿಸಿದ ಭಾವನೆಗಳ ಮರಗಟ್ಟುವಿಕೆ ಕಲ್ಪನೆಯಲ್ಲ. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಹಳ ಮಂದಿ ಅದನ್ನು ಹೇಳುತ್ತಾರೆ. ಅನೇಕ ಸಲ ಪ್ರಮಾಣ ಇಳಿಸಿದರೆ ಅಥವಾ ಔಷಧಿ ಬದಲಿಸಿದರೆ ಅದು ಸರಿಹೋಗುತ್ತದೆ. ನಿಮಗೆ ಆದದ್ದು ಅದಕ್ಕೆ ತದ್ವಿರುದ್ಧ, ಅದಕ್ಕಾಗಿ ನನಗೆ ನಿಜವಾಗಿ ಬೇಸರವಾಗಿದೆ. ಸಿರೊಟೋನಿನ್ ಕುರಿತು ನೀವು ಹೇಳಿದ್ದೂ ಸರಿ, ಇನ್ಸುಲಿನ್ನಿನ ಹೋಲಿಕೆಯನ್ನು ನಾವೂ ವಾರ್ಡಿನಲ್ಲಿ ಧಾರಾಳವಾಗಿ ಬಳಸಿದ್ದೇವೆ, ಬಳಸಬಾರದಿತ್ತು. ಆದರೆ ಕಾರಣದ ವಿವರಣೆ ಬಿದ್ದುಹೋದರೆ ಔಷಧಿಯ ಪರಿಣಾಮವೂ ಬಿದ್ದುಹೋಗುವುದಿಲ್ಲ. ಈ ಔಷಧಿಗಳಲ್ಲಿ ಮೊದಲನೆಯದು ಯಾವ ಸಿದ್ಧಾಂತದಿಂದಲೂ ಹುಟ್ಟಲಿಲ್ಲ. 1950ರ ದಶಕದ ಆರಂಭದಲ್ಲಿ ಕ್ಷಯರೋಗಿಗಳಿಗೆ ಇಪ್ರೊನಯಾಜಿಡ್ ಎಂಬ ಔಷಧಿ ಕೊಟ್ಟಾಗ ಅವರ ಮನಸ್ಸು ಹಗುರವಾದದ್ದನ್ನು ಕಂಡರು, ಕಾರಣವನ್ನು ಆಮೇಲೆ ಹುಡುಕಲು ಹೊರಟರು. 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯೊಂದು 522 ಪ್ರಯೋಗಗಳನ್ನು, 1,16,477 ರೋಗಿಗಳನ್ನು ಒಳಗೊಂಡಿತ್ತು. ಅದರಲ್ಲಿ ಪರೀಕ್ಷಿಸಿದ 21 ಔಷಧಿಗಳೂ ವಯಸ್ಕರಲ್ಲಿ, ಔಷಧಿಯ ಅಂಶವೇ ಇಲ್ಲದ ಹುಸಿ ಮಾತ್ರೆಗಿಂತ ಹೆಚ್ಚು ಕೆಲಸ ಮಾಡಿದ್ದವು. ಆದರೆ ಸರಾಸರಿ ವ್ಯತ್ಯಾಸ ದೊಡ್ಡದಾಗಿರಲಿಲ್ಲ, ಅದನ್ನೂ ಮುಚ್ಚಿಡಬಾರದು. ಹೆಚ್ಚಿನ ಪ್ರಯೋಗಗಳು ನಡೆದದ್ದೂ ಎಂಟು ವಾರಗಳ ಆಸುಪಾಸು, ವರ್ಷಗಟ್ಟಲೆ ನುಂಗುವವರ ಕಥೆ ಅವುಗಳಲ್ಲಿ ಇಲ್ಲ. ನಾನು ಕಣ್ಣಾರೆ ಕಂಡದ್ದನ್ನು ಹೇಳುವುದಾದರೆ, ಅನ್ನ ನೀರು ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರು ಎದ್ದು ಕೂತು ಮನೆಗೆ ನಡೆದುಹೋದದ್ದನ್ನು ನೂರಾರು ಸಲ ನೋಡಿದ್ದೇನೆ. ಸೌಮ್ಯವಾದ ಖಿನ್ನತೆಗೆ ಮಾತುಕತೆಯ ಚಿಕಿತ್ಸೆ ಮತ್ತು ವ್ಯಾಯಾಮ ಸಾಕಾಗಬಹುದು. ತೀವ್ರವಾದ ಖಿನ್ನತೆಯಲ್ಲಿ ಬಿದ್ದವರಿಗೆ ನಡೆಯಲು ಹೋಗಿ ಎಂದರೆ ಅವರು ಹಾಸಿಗೆಯಿಂದ ಏಳುವುದೇ ಇಲ್ಲ.

ತೀರ್ಥಹಳ್ಳಿಯವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮಗೆ ಆದದ್ದು ಬಹುಮಟ್ಟಿಗೆ ಔಷಧಿ ಒಮ್ಮೆಲೇ ನಿಲ್ಲಿಸಿದ್ದರ ಪರಿಣಾಮ. ರೋಗ ಮರುಕಳಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಶುರುವಾಗಿ, ತಲೆಸುತ್ತು, ಕರೆಂಟು ಹೊಡೆದಂಥ ಅನುಭವ ಮೊದಲಾದ ಹೊಸ ಲಕ್ಷಣಗಳೊಂದಿಗೆ ಬಂದು, ಮಾತ್ರೆ ಮತ್ತೆ ನುಂಗಿದರೆ ಒಂದೆರಡು ದಿನದಲ್ಲಿ ಹೋಗುವುದು ಬಿಡುವಿಕೆಯ ತೊಂದರೆ. ರೋಗವಾದರೆ ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಕಳೆದ ಮೇಲೆ, ನಿಮ್ಮ ಆ ಮೂರು ಗಂಟೆಯ ಎಚ್ಚರದಂಥ ಹಳೆಯ ಲಕ್ಷಣಗಳನ್ನೇ ಹಿಡಿದುಕೊಂಡು ನಿಧಾನವಾಗಿ ಬರುತ್ತದೆ. ದೇಹದಿಂದ ಬೇಗ ಹೊರಹೋಗುವ ವೆನ್ಲಾಫ್ಯಾಕ್ಸಿನ್, ಪ್ಯಾರೊಕ್ಸೆಟಿನ್‌ಗಳನ್ನು ಬಿಡುವಾಗ ಕಷ್ಟ ಹೆಚ್ಚು. ವಾರಗಟ್ಟಲೆ ದೇಹದಲ್ಲಿ ಉಳಿಯುವ ಫ್ಲೂಯೊಕ್ಸೆಟಿನ್ ಬಿಡುವಾಗ ಕಡಿಮೆ. ಕುಡಿತದಂತೆ ದಿನದಿಂದ ದಿನಕ್ಕೆ ಹೆಚ್ಚು ಬೇಕೆನ್ನಿಸುವ ಚಟ ಇದಲ್ಲ. ಆದರೆ ದೇಹ ಇದಕ್ಕೆ ಹೊಂದಿಕೊಂಡಿರುತ್ತದೆ, ಬಿಡಿಸಿಕೊಳ್ಳಲು ಸಮಯ ಕೇಳುತ್ತದೆ. "ಅಭ್ಯಾಸವಾಗುವುದಿಲ್ಲ, ಯಾವಾಗ ಬೇಕಾದರೂ ಬಿಡಬಹುದು" ಎಂದು ಹೇಳುವುದೂ ತಪ್ಪು, "ಒಮ್ಮೆ ಹಿಡಿದರೆ ಸಾಯುವವರೆಗೆ ಬಿಡದು" ಎಂದು ಹೇಳುವುದೂ ತಪ್ಪು.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ನಮ್ಮಲ್ಲಿ ಎಸಿಟಾಲೋಪ್ರಾಮ್ ಜೊತೆಗೆ ಕ್ಲೊನಾಜೆಪಾಮ್ ಸೇರಿಸಿದ ಒಂದೇ ಮಾತ್ರೆ ಧಾರಾಳವಾಗಿ ಬರೆಯಲ್ಪಡುತ್ತದೆ. ಕ್ಲೊನಾಜೆಪಾಮ್ ಖಿನ್ನತೆಯ ಔಷಧಿಯಲ್ಲ, ತಳಮಳ ತಗ್ಗಿಸಿ ನಿದ್ರೆ ಬರಿಸುವಂಥದ್ದು. ಮೊದಲ ಎರಡು ನಾಲ್ಕು ವಾರಗಳಿಗೆಂದು ಕೊಟ್ಟದ್ದನ್ನು ಹಳೆಯ ಚೀಟಿ ತೋರಿಸಿ ನಾಲ್ಕೈದು ವರ್ಷ ಅಂಗಡಿಯಿಂದ ತಂದು ನುಂಗುವವರಿದ್ದಾರೆ. ನಿಜವಾದ ಅವಲಂಬನೆ ಹುಟ್ಟುವುದು ಅದಕ್ಕೆ. ಅದನ್ನು ಥಟ್ಟನೆ ನಿಲ್ಲಿಸಿದರೆ ಅಪಸ್ಮಾರದಂತೆ ಸೆಳವು ಬರುವ ಅಪಾಯವೂ ಇದೆ. ನಿಮ್ಮ ಮಾತ್ರೆಯ ಪಟ್ಟಿಯ ಹಿಂದೆ ಎರಡು ಹೆಸರುಗಳಿವೆಯೇ ಎಂದು ಇವತ್ತೇ ನೋಡಿಕೊಳ್ಳಿ.

ಕಾನುದಾರಿ, ಸೊರಬ:

ಅಕ್ಕನವರೇ, ಉತ್ತರಕ್ಕೆ ಧನ್ಯವಾದ. ತೀವ್ರವಾದ ಖಿನ್ನತೆಯ ಮಾತನ್ನು ಒಪ್ಪುತ್ತೇನೆ. ಆದರೆ ನನ್ನ ತಕರಾರು ಅಲ್ಲಿಲ್ಲ. ನನಗೆ ಇದ್ದದ್ದು ತೀವ್ರವೋ ಸೌಮ್ಯವೋ ಎಂದು ನಿರ್ಧರಿಸಲು ವೈದ್ಯರಿಗೆ ದೊರೆತ ಸಮಯ ಆರೋ ಏಳೋ ನಿಮಿಷ. ಹೊರಗೆ ನಲವತ್ತು ಮಂದಿ ಕಾದಿದ್ದರು. ಹಾಗಿರುವಾಗ ಮಾತ್ರೆ ಬರೆಯುವುದೊಂದೇ ಸಾಧ್ಯವಾದ ಚಿಕಿತ್ಸೆಯಾಗುತ್ತದೆ, ಮಾತುಕತೆಯ ಚಿಕಿತ್ಸೆ ಹಣವಿದ್ದವರ ಪಾಲಾಗುತ್ತದೆ. ಈ ಅಭಿಪ್ರಾಯವನ್ನು ನಾನು ಬದಲಿಸಲಾರೆ.

ಹೊಸನಗರದ ತಾಯಿ:

ಇಲ್ಲಿಯವರೆಗೆ ಯಾರಿಗೂ ಬರೆದು ಹೇಳಿಲ್ಲ. ತವರಿನಲ್ಲಿ ಬಾಣಂತನ ನಡೆಯುತ್ತಿದ್ದಾಗ, ಮಗುವಿಗೆ ಎರಡು ತಿಂಗಳಿದ್ದಾಗ, ನನಗೆ ಅದರ ಮೇಲೆ ಪ್ರೀತಿಯೇ ಹುಟ್ಟುತ್ತಿರಲಿಲ್ಲ. ಮಗು ಮಲಗಿದಾಗಲೂ ನನಗೆ ನಿದ್ರೆ ಬರುತ್ತಿರಲಿಲ್ಲ. ನನ್ನ ಕೈಯಿಂದ ಅದಕ್ಕೆ ಏನಾದರೂ ಆಗಿಬಿಡುತ್ತದೆ ಎಂಬ ಭಯಕ್ಕೆ ಎತ್ತಿಕೊಳ್ಳಲೂ ಹೆದರುತ್ತಿದ್ದೆ. ಗಾಳಿ ಸೋಕಿದೆ ಎಂದು ಅಮ್ಮ ತಾಯಿತ ಕಟ್ಟಿಸಿದರು, ದೇವಸ್ಥಾನದಲ್ಲಿ ಪ್ರಸಾದ ಕೇಳಿಸಿದರು. ಅಮ್ಮನನ್ನು ನಾನು ದೂರುವುದಿಲ್ಲ, ಅವರಿಗೆ ಗೊತ್ತಿದ್ದ ದಾರಿಗಳನ್ನೆಲ್ಲ ಅವರು ನನಗಾಗಿ ನಡೆದರು. ಮಗುವಿಗೆ ಚುಚ್ಚುಮದ್ದು ಹಾಕಲು ಬರುವ ಆರೋಗ್ಯ ಸಹಾಯಕಿಯವರು ನನ್ನ ಮುಖ ನೋಡಿ, ನನ್ನ ಬಳಿ ಕೂತು ನಾಲ್ಕು ಪ್ರಶ್ನೆ ಕೇಳಿ, ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ ಎಂದು ತಿಳಿಸಿದರು.

ಸರ್ಟ್ರಾಲಿನ್ 50 ಮಿಲಿಗ್ರಾಂ ಬರೆದರು. ಎದೆಹಾಲಿಗೆ ಸೇರುತ್ತದಲ್ಲ ಎಂದು ನಾನು ಮಾತ್ರೆಯನ್ನು ಮೂರು ದಿನ ಸೆರಗಿನ ಗಂಟಿನಲ್ಲೇ ಇಟ್ಟುಕೊಂಡಿದ್ದೆ. ಇದು ಎದೆಹಾಲಿಗೆ ಬಹಳ ಕಡಿಮೆ ಪ್ರಮಾಣದಲ್ಲಿ ಹೋಗುತ್ತದೆ, ಅದಕ್ಕಾಗಿಯೇ ಹಾಲುಣಿಸುವ ತಾಯಂದಿರಿಗೆ ಇದನ್ನು ಆರಿಸುತ್ತಾರೆ ಎಂದು ವೈದ್ಯೆ ಫೋನಿನಲ್ಲಿ ಇನ್ನೊಮ್ಮೆ ಸಮಾಧಾನವಾಗಿ ಹೇಳಿದ ಮೇಲೆ ನುಂಗಿದೆ. ಐದನೆಯ ವಾರದಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ ಅದು ನಕ್ಕಿತು, ನಾನೂ ನಕ್ಕೆ. ನಗುತ್ತಿದ್ದೇನೆಂದು ತಿಳಿದ ಕೂಡಲೇ ಅತ್ತೆ.

ಕೆಟ್ಟದ್ದನ್ನೂ ಹೇಳುತ್ತೇನೆ. ದಾಂಪತ್ಯದ ವಿಷಯದಲ್ಲಿ ನನಗೆ ಆಸಕ್ತಿ ಪೂರ್ತಿ ಹೋಯಿತು, ಶರೀರ ಸ್ಪಂದಿಸುವುದನ್ನೇ ಮರೆತಂತಾಯಿತು. ಹೆರಿಗೆಯ ದಣಿವು ಎಂದುಕೊಂಡು ವರ್ಷ ಕಳೆದೆ. ಇದು ಈ ಮಾತ್ರೆಗಳ ಬಹಳ ಸಾಮಾನ್ಯವಾದ ಅಡ್ಡಪರಿಣಾಮ, ಗಂಡಸರಿಗೂ ಹೆಂಗಸರಿಗೂ ಆಗುತ್ತದೆ ಎಂದು ನನಗೆ ಗೊತ್ತಾದದ್ದು ನಾನೇ ಬಾಯಿ ಬಿಟ್ಟು ಕೇಳಿದ ಮೇಲೆ. ನನ್ನ ಯಜಮಾನರಿಗೆ ತಿಳಿದಿದ್ದರೆ ಅವರು ಅಷ್ಟು ದಿನ ಮನಸ್ಸಿನಲ್ಲೇ ಕೊರಗುತ್ತಿರಲಿಲ್ಲ. ಹದಿನಾಲ್ಕು ತಿಂಗಳ ನಂತರ, ಮೂರು ತಿಂಗಳ ಅವಧಿಯಲ್ಲಿ ಹಂತಹಂತವಾಗಿ ಇಳಿಸಿ ಬಿಟ್ಟೆ. ನನಗೆ ಬಿಡುವಾಗ ಯಾವ ತೊಂದರೆಯೂ ಆಗಲಿಲ್ಲ. ಉಳಿದದ್ದೂ ನಿಧಾನವಾಗಿ ಸರಿಯಾಯಿತು.

ಗಾಜನೂರು ಕಡೆಯವನು:

ಹೊಸನಗರದ ತಂಗಿ ಬರೆದ ದಾಂಪತ್ಯದ ಸಂಗತಿ ನನಗೂ ಆಗಿತ್ತು. ಹೇಳಿಕೊಳ್ಳಲು ನಾಚಿಕೆಪಟ್ಟು ಮಾತ್ರೆಯನ್ನೇ ಗುಟ್ಟಾಗಿ ಬಿಟ್ಟು ಎರಡನೆಯ ಸಲ ಖಿನ್ನತೆಗೆ ಬಿದ್ದೆ. ಈಗಿನ ವೈದ್ಯರು ಔಷಧಿಯನ್ನು ಬುಪ್ರೊಪಿಯಾನ್‌ಗೆ ಬದಲಿಸಿದ್ದಾರೆ, ಆ ತೊಂದರೆ ಇಲ್ಲ. ಅಪಸ್ಮಾರ ಇರುವವರಿಗೆ ಅದನ್ನು ಕೊಡುವುದಿಲ್ಲವಂತೆ, ನನಗೆ ಅದನ್ನು ಮೊದಲೇ ಕೇಳಿ ತಿಳಿದುಕೊಂಡರು. ಗಂಡಸರು ದಯವಿಟ್ಟು ವೈದ್ಯರಲ್ಲಿ ಬಾಯಿ ಬಿಡಿ.

ಭದ್ರಾವತಿಯ ಅಣ್ಣ:

ನನ್ನ ತಮ್ಮನ ವಿಷಯ ಬರೆಯುತ್ತೇನೆ. ಖಿನ್ನತೆಯೆಂದು ಅವನಿಗೆ ಮಾತ್ರೆ ಶುರು ಮಾಡಿದ ಮೂರು ವಾರಕ್ಕೆ ಅವನು ಬಹಳ ಚುರುಕಾದ. ನಾವು ಸಂತೋಷಪಟ್ಟೆವು. ಆಮೇಲೆ ರಾತ್ರಿ ಎರಡು ಗಂಟೆ ಮಾತ್ರ ಮಲಗತೊಡಗಿದ, ಮಾತು ನಿಲ್ಲುತ್ತಲೇ ಇರಲಿಲ್ಲ, ಸಾಲ ಮಾಡಿ ಎರಡು ಬೈಕು ತಂದ, ಅಪ್ಪನ ಮೇಲೆ ಕೈ ಎತ್ತಿದ. ಅವನಿಗೆ ಇದ್ದದ್ದು ಬರೀ ಖಿನ್ನತೆಯಲ್ಲ, ಉನ್ಮಾದ ಮತ್ತು ಖಿನ್ನತೆ ಎರಡೂ ಸರದಿಯಲ್ಲಿ ಬರುವ ದ್ವಿಧ್ರುವ ಕಾಯಿಲೆ. ಅಂಥವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದ ಕೆರಳಬಹುದು. ವೈದ್ಯರು ಮೊದಲ ದಿನವೇ "ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ" ಎಂದು ಕೇಳಿದ್ದರು. ನಮ್ಮ ದೊಡ್ಡಪ್ಪನಿಗೆ ಇದ್ದದ್ದನ್ನು ನಾವು ಮರ್ಯಾದೆಗೆ ಅಂಜಿ ಮುಚ್ಚಿಟ್ಟೆವು. ಆ ತಪ್ಪು ಪೂರ್ತಿ ನಮ್ಮದು. ತಮ್ಮ ಈಗ ಆ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದಾನೆ.

ವಿದ್ಯಾರ್ಥಿ, ಶಂಕರಘಟ್ಟ:

ನನಗೆ 22 ವರ್ಷ. ನಾನು ಇಲ್ಲಿ ಎಲ್ಲರಿಗಿಂತ ಚಿಕ್ಕವನು ಎಂದು ಕಾಣುತ್ತದೆ. ಹೋದ ವರ್ಷ ಫ್ಲೂಯೊಕ್ಸೆಟಿನ್ ಶುರು ಮಾಡಿದಾಗ ವೈದ್ಯರು ನನ್ನನ್ನು ಒಬ್ಬನನ್ನೇ ಮನೆಗೆ ಕಳಿಸಲಿಲ್ಲ. ಅಕ್ಕನನ್ನು ಒಳಗೆ ಕರೆದು, 25 ವರ್ಷದ ಒಳಗಿನವರಲ್ಲಿ ಮೊದಲ ಕೆಲವು ವಾರ ಸಾಯುವ ಯೋಚನೆಗಳು ಕೆಲವರಿಗೆ ಹೆಚ್ಚಾಗಬಹುದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳ ಬಗ್ಗೆ, 2007ರಲ್ಲಿ 24 ವರ್ಷದವರೆಗಿನ ಯುವಜನರ ಬಗ್ಗೆ ಈ ಎಚ್ಚರಿಕೆಯನ್ನು ಔಷಧಿಯ ಮಾಹಿತಿಪತ್ರದಲ್ಲೇ ಮುದ್ರಿಸುವಂತೆ ಮಾಡಿತು ಎಂದು ವಿವರಿಸಿದರು. ಒಂದು ವಾರಕ್ಕೇ ಮತ್ತೆ ಬರಲು ಹೇಳಿದರು.

ಅವರು ಹೇಳಿದ್ದೇ ಆಯಿತು. ಆರನೆಯ ದಿನದ ಹೊತ್ತಿಗೆ ಕಾಲುಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಹಾಸ್ಟೆಲಿನ ಕಾರಿಡಾರಿನಲ್ಲಿ ಬೆಳಗಾಗುವವರೆಗೆ ನಡೆದೆ, ಹಿಂದೆ ಎಂದೂ ಬರದಿದ್ದ ಯೋಚನೆಗಳು ಬಂದವು. ಆದರೆ ಇವು ಬರಬಹುದು ಎಂದು ಮೊದಲೇ ಗೊತ್ತಿದ್ದುದರಿಂದ ಅವನ್ನು ನನ್ನದೇ ತೀರ್ಮಾನವೆಂದು ನಾನು ನಂಬಲಿಲ್ಲ. ರಾತ್ರಿ ಎರಡು ಗಂಟೆಗೆ 14416ಕ್ಕೆ ಕರೆ ಮಾಡಿದೆ. ಅದು ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೇ ಮಾತನಾಡಿದರು. ಬೆಳಿಗ್ಗೆ ಅಕ್ಕ ಬಂದು ವೈದ್ಯರ ಬಳಿ ಕರೆದೊಯ್ದಳು, ಪ್ರಮಾಣ ಅರ್ಧಕ್ಕೆ ಇಳಿಸಿ ನಿಧಾನವಾಗಿ ಏರಿಸಿದರು. ಈಗ ಹತ್ತು ತಿಂಗಳಾಗಿದೆ, ಓದು ತಲೆಗೆ ಹತ್ತುತ್ತಿದೆ. ಅಂಗೈ ಬೆವರುವುದು ಮಾತ್ರ ನಿಂತಿಲ್ಲ, ಪರೀಕ್ಷೆಯಲ್ಲಿ ಕರವಸ್ತ್ರವನ್ನು ಪೆನ್ನಿಗೆ ಸುತ್ತಿಕೊಂಡು ಬರೆಯುತ್ತೇನೆ.

ಹಳೆಯ ಶುಶ್ರೂಷಕಿ, ಶಿವಮೊಗ್ಗ:

ಮಗು, ನೀನು ಬರೆದದ್ದು ಬಹಳ ಮಂದಿಗೆ ಉಪಯೋಗವಾಗುತ್ತದೆ. ನಿನ್ನ ಅಕ್ಕನಿಗೂ ನನ್ನ ನಮಸ್ಕಾರ ತಿಳಿಸು.

ಸೊರಬದವರು ಆರು ನಿಮಿಷದ ಮಾತು ಎತ್ತಿದ್ದಾರೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆ ಇರುವವರಲ್ಲಿ ಶೇಕಡಾ 85ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಅಂದರೆ ಆ ಆರು ನಿಮಿಷವೂ ಸಿಗದವರೇ ಹೆಚ್ಚು. ನಮ್ಮ ಶಿವಮೊಗ್ಗದಲ್ಲಿ ಮನೋವೈದ್ಯ ಡಾ. ಅಶೋಕ್ ಪೈ ಅವರು ಮನಸ್ಸಿನ ಕಾಯಿಲೆಗಳ ಬಗ್ಗೆ ಸರಳವಾದ ಕನ್ನಡದಲ್ಲಿ ವರ್ಷಗಟ್ಟಲೆ ಬರೆದರು. ಅವರ ಬರಹ ಓದಿ, ಪತ್ರಿಕೆಯ ತುಂಡನ್ನು ಜೇಬಿನಲ್ಲಿಟ್ಟುಕೊಂಡು, "ನನಗೂ ಇದೇ ಇದೆ" ಎಂದು ತೋರಿಸುತ್ತ ಬಂದವರನ್ನು ನಾನು ನೋಡಿದ್ದೇನೆ. 2016ರಲ್ಲಿ ಅವರು ತೀರಿಕೊಂಡ ಮೇಲೆ ಹಾಗೆ ತಿಳಿಸಿ ಹೇಳುವವರು ಕಡಿಮೆಯಾದರು ಎಂಬುದು ನನ್ನ ಅನಿಸಿಕೆ.

ನಿವೃತ್ತ ಶಿಕ್ಷಕಿ, ಸಾಗರ:

ಖರ್ಚಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಜನೌಷಧಿ ಕೇಂದ್ರದಲ್ಲಿ ಇದೇ ಔಷಧಿಗಳು ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧಿಯ ಮೂಲ ಹೆಸರನ್ನು ಬರೆದುಕೊಡಿ ಎಂದು ನಾನು ಕೇಳಿ ಬರೆಸಿಕೊಂಡೆ. ಮಳೆಗಾಲದಲ್ಲಿ ಮರ ಬಿದ್ದು ಬಸ್ಸು ನಿಂತರೆ ಮಾತ್ರೆ ತಪ್ಪುತ್ತದೆ. ಆದ್ದರಿಂದ ಆರಿದ್ರಾ ಮಳೆಗೆ ಮೊದಲೇ ವೈದ್ಯರಿಗೆ ಹೇಳಿ ತಿಂಗಳಿಗಾಗುವಷ್ಟು ತಂದು, ಮಗಳ ಕೈಯಲ್ಲಿ ಕೊಟ್ಟಿರುತ್ತೇನೆ.

ತೋಟದಮನೆ, ತೀರ್ಥಹಳ್ಳಿ ತಾಲ್ಲೂಕು:

ಇಷ್ಟೊಂದು ಮಂದಿ ಬರೆಯುತ್ತೀರೆಂದು ನಾನು ಎಣಿಸಿರಲಿಲ್ಲ. ಎಲ್ಲವನ್ನೂ ನನ್ನ ಹೆಂಡತಿಗೆ ಓದಿ ಹೇಳಿದೆ. ಹೊಸನಗರದ ತಂಗಿಯ ಬರಹ ಓದುವಾಗ ಅವಳು ಎದ್ದು ಒಳಗೆ ಹೋದಳು.

ಮೊನ್ನೆ ಶಿವಮೊಗ್ಗಕ್ಕೆ ಹೋಗಿ ವೈದ್ಯರನ್ನು ಕಂಡೆ. ಹಿಂದೆ ನೋಡಿದವರನ್ನೇ ಕಂಡೆ. ನಾನು ಥಟ್ಟನೆ ಬಿಟ್ಟದ್ದನ್ನು ಹೇಳಿದಾಗ ಅವರು ಬೈಯಲಿಲ್ಲ, "ಬಿಡುವ ಬಗ್ಗೆ ನಾನು ಮೊದಲೇ ಹೇಳಬೇಕಿತ್ತು" ಎಂದರು. ಆ ಒಂದು ಮಾತಿನಿಂದ ನನ್ನ ಮನಸ್ಸಿನಲ್ಲಿದ್ದ ಅಸಮಾಧಾನ ಅರ್ಧ ಇಳಿಯಿತು. ಮೊದಲ ಸಲ ಖಿನ್ನತೆ ಬಂದವರು ಪೂರ್ತಿ ಚೇತರಿಸಿಕೊಂಡ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕಂತೆ. ನಾನು ಶುರು ಮಾಡಿದ ದಿನದಿಂದ ಎಂಟು ತಿಂಗಳು ಎಣಿಸಿದ್ದೆ, ಚೇತರಿಸಿಕೊಂಡ ದಿನದಿಂದ ಎಣಿಸಬೇಕಿತ್ತು. ಮತ್ತೆ ಮತ್ತೆ ಬಂದವರಾದರೆ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು.

ಇಳಿಸುವ ಲೆಕ್ಕವನ್ನು ಕಾಗದದಲ್ಲಿ ಬರೆದುಕೊಟ್ಟಿದ್ದಾರೆ. 10ರಿಂದ ಏಳೂವರೆ, ಆಮೇಲೆ 5, ಆಮೇಲೆ ಎರಡೂವರೆ, ಪ್ರತಿ ಹಂತದಲ್ಲೂ ಕನಿಷ್ಠ ನಾಲ್ಕು ವಾರ. ಒಂದು ದಿನ ನುಂಗಿ ಒಂದು ದಿನ ಬಿಡುವುದು ಕೂಡದು, ಅದರಿಂದ ದೇಹದಲ್ಲಿ ಔಷಧಿ ದಿನವೂ ಏರಿಳಿಯುತ್ತದೆ. ಕೊನೆಯ ಹಂತಗಳೇ ಕಷ್ಟವಂತೆ: 10ರಿಂದ 5ಕ್ಕೆ ಇಳಿದಾಗ ಮಿದುಳಿನ ಮೇಲಿನ ಪರಿಣಾಮ ಸ್ವಲ್ಪವೇ ಕಡಿಮೆಯಾಗುತ್ತದೆ, ಕೊನೆಯ 5ರಿಂದ ಸೊನ್ನೆಗೆ ಬಂದಾಗ ಬಹಳಷ್ಟು ಕಡಿಮೆಯಾಗುತ್ತದೆ. ತೊಂದರೆಯಾದರೆ ಹಿಂದಿನ ಹಂತಕ್ಕೆ ಹೋಗಿ ನಿಲ್ಲಬೇಕು, ಅದು ಸೋಲಲ್ಲ ಎಂದೂ ಹೇಳಿದರು.

ಯಾವಾಗ ಶುರು ಮಾಡುವುದು ಎಂಬುದನ್ನು ಮಾತ್ರ ನಾವೇ ಕೂತು ಯೋಚಿಸಿದೆವು. ಈಗ ಅಡಿಕೆ ಕೊನೆ ತೆಗೆಯುವ ಕಾಲ. ಸುಲಿದು, ಬೇಯಿಸಿ, ಒಣಗಿಸಿ ಮುಗಿಸುವಷ್ಟರಲ್ಲಿ ಜನವರಿ ಕಳೆಯುತ್ತದೆ. ಫೆಬ್ರವರಿಯಲ್ಲಿ ಶುರು ಮಾಡಿದರೆ ಮಳೆ ಹಿಡಿಯುವ ಹೊತ್ತಿಗೆ ಎರಡೂವರೆಯಲ್ಲಿರುತ್ತೇನೆ. ಆ ಮಳೆಗಾಲ ಅಲ್ಲಿಯೇ ನಿಂತು, ದೀಪಾವಳಿ ಕಳೆದ ಮೇಲೆ ಉಳಿದದ್ದನ್ನು ಬಿಡುವುದೆಂದು ನಿಶ್ಚಯಿಸಿದ್ದೇವೆ. ನನಗೆ ಕೆಡುವುದು ಮೊದಲು ಗೊತ್ತಾಗುವುದಿಲ್ಲ, ಮನೆಯವರಿಗೆ ಗೊತ್ತಾಗುತ್ತದೆ ಎಂದು ವೈದ್ಯರು ಹೇಳಿದ್ದರಿಂದ, ನಾನು ದಿನವೂ ಎಷ್ಟು ಗಂಟೆಗೆ ಎದ್ದೆ ಎಂಬುದನ್ನು ನನ್ನ ಹೆಂಡತಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆಯತೊಡಗಿದ್ದಾಳೆ. ಇವತ್ತಿನ ಚೌಕದಲ್ಲಿ 5.40 ಎಂದಿದೆ.